ಮುನೆಮ್ಮನ ಬಾವಿಗಿಳಿದ ತೋಟ

ಗಿರಿಯಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ತಲೆ ತಗ್ಗಿಸಿಕೊಂಡು ನಡೆದು ಬಂದು, ಎರಡು ಬೆರಳ ನಡುವೆ ಇದ್ದ ಒಂದೇ ಒಂದು ಗರಿಕೆ ಎಸಳನ್ನು ಹೆಂಡತಿಯ ಮೂಗಿನ ಮುಂದೆ ಹಿಡಿದ.

“ಇದೇನು?”

ಕಳೆ ಕೀಳುತ್ತಿದ್ದ ಹೆಂಗಸರ ಸಾಲಿನ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಗೌರಕ್ಕ ತಲೆಯೆತ್ತಿ ನೋಡಿದಳು. ಬೆಳಗಿನಿಂದ ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದುಹೋಗಿತ್ತು.

“ಗರಿಕೆ. ಗಣಪತಿಗೆ ಏರ್ಸಿ, ಪುಣ್ಯ ಬತ್ತದೆ.”

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಗಿರಿಯಪ್ಪನಿಗೆ ನಗು ಬರಲಿಲ್ಲ.

“ನಾಡಿದ್ದು ಕಟಿಂಗ್ ಊಟಕ್ಕೆ ಹಿಂದೂಪುರದಿಂದ ಜನ ಬತ್ತಾರೆ. ನೆಲದ್ಮ್ಯಾಲೆ ಎಲೆ ಹಾಕ್ಬೇಕು. ಎಲೆ ಪಕ್ಕದಾಗೆ ಇದು ನಿಗುರ್ಕಂಡು ನಿಂತಿದ್ರೆ ಏನಂದ್ಕಂತಾರೆ?”

“ನೆಲಕ್ಕೆ ಇನ್ನೂ ಜೀವ ಐತೆ ಅಂದ್ಕಂತಾರೆ.”

ಗಿರಿಯಪ್ಪ ಗರಿಕೆಯನ್ನು ಜೇಬಿಗೆ ಹಾಕಿಕೊಂಡು, ಮತ್ತೊಂದು ಸಿಗುತ್ತದೆಯೋ ಎಂದು ಹುಡುಕುತ್ತ ಮುಂದಿನ ಸಾಲಿಗೆ ಹೋದ. ಗೌರಕ್ಕ ಮತ್ತೆ ಬಗ್ಗಿದಳು.

ರೊದ್ದಂ ರಸ್ತೆಯ ಪಕ್ಕದ ಆ ಊರಿನಲ್ಲಿ ಮೊದಲು ದ್ರಾಕ್ಷಿ ಹಾಕಿದವನು ಗಿರಿಯಪ್ಪ. ಎಂಬತ್ತರ ದಶಕದ ಮೊದಲಲ್ಲಿ ಸುತ್ತಲಿನವರು ಇನ್ನೂ ಕಡಲೆಕಾಯಿ, ರಾಗಿ ಎಂದು ಕೂತಿದ್ದಾಗ ಈತ ಗುಡ್ಡದ ಇಳಿಜಾರಿನಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಬ್ಬಿಸಿದ್ದ. ದ್ರಾಕ್ಷಿಗೆ ವರ್ಷಕ್ಕೆರಡು ಸಲ, ಬೇಸಿಗೆಯಲ್ಲೊಮ್ಮೆ, ಮಳೆಗಾಲದ ಕೊನೆಗೊಮ್ಮೆ, ಬಳ್ಳಿಯ ಕಡ್ಡಿ ಸವರಬೇಕು. ಊರವರ ಬಾಯಲ್ಲಿ ಅದು ಕಟಿಂಗು. ಕಟಿಂಗ್ ಮುಗಿದ ಮೇಲೆ ಚಪ್ಪರದ ಕೆಳಗೇ ಊಟ ಹಾಕಿಸುವ ಪದ್ಧತಿಯನ್ನು ಗಿರಿಯಪ್ಪನೇ ಹುಟ್ಟುಹಾಕಿದ್ದ. ಹಿಂದೂಪುರದ ಮಂಡಿಯವರು, ಹುಣಸೆಹಣ್ಣಿನ ವ್ಯಾಪಾರಿಗಳು, ನೆಂಟರು, ಎಲ್ಲರೂ ಬರಿನೆಲದ ಮೇಲೆ ಸಾಲಾಗಿ ಕೂತು ಉಣ್ಣಬೇಕು. ಚಾಪೆ ಹಾಸಿದರೆ ಅವನಿಗೆ ಅವಮಾನ. ಉಂಡೆದ್ದವರು ಪಂಚೆ ಕೊಡವಿಕೊಂಡು, “ಏಮಯ್ಯಾ ಗಿರಿಯಪ್ಪಾ, ತೋಟ ಅದ್ದಂಲಾಗ ಪೆಟ್ಟಾವೇ!” ಎಂದು, ಕನ್ನಡಿಯ ಹಾಗೆ ಇಟ್ಟಿದ್ದೀಯಲ್ಲ ಎಂದು ತೆಲುಗಿನಲ್ಲಿ ಹೊಗಳಿದರೆ ಸಾಕು, ಮುಂದಿನ ಕಟಿಂಗಿನವರೆಗೂ ಅವನು ಅದನ್ನೇ ಮೆಲುಕು ಹಾಕುತ್ತಿದ್ದ.

ಆ ಒಂದು ಮಾತಿಗಾಗಿ ನೆಲ ವರ್ಷವಿಡೀ ಬೋಳಾಗಿರಬೇಕಿತ್ತು. ಉದುರಿದ ಎಲೆ ಗುಡಿಸಬೇಕು, ಸವರಿದ ಕಡ್ಡಿಯನ್ನೆಲ್ಲ ಹೊರೆ ಕಟ್ಟಿ ಆಚೆ ಒಯ್ದು ಸುಡಬೇಕು, ಹೆಂಟೆ ಒಡೆದು ಮಣ್ಣು ಪುಡಿಮಾಡಿ ಸಮ ಮಾಡಬೇಕು. ಗೌರಕ್ಕನ ಅರ್ಧ ಆಯಸ್ಸು ಮನೆಯ ಅಂಗಳ ಗುಡಿಸುವುದರಲ್ಲಿ ಹೋದರೆ, ಇನ್ನರ್ಧ ಹೊಲವನ್ನು ಅಂಗಳ ಮಾಡುವುದರಲ್ಲಿ ಹೋಯಿತು. ಅಷ್ಟೂ ಸಹಿಸಬಹುದಿತ್ತು, ಆ ಸೀಮೆಯ ಮಳೆಗೆ ಸ್ವಲ್ಪವಾದರೂ ಮಾನ ಮರ್ಯಾದೆ ಇದ್ದಿದ್ದರೆ.

ಹಿಂದೂಪುರದ ಕಡೆ ಮಳೆ ಬರುವ ರೀತಿಗೆ ಯಾರಿಗಾದರೂ ತಲೆ ಕೆಡಬೇಕು. ತಿಂಗಳುಗಟ್ಟಲೆ ಆಕಾಶ ನೋಡಿದರೂ ಹನಿ ಇಲ್ಲ. ಆಷಾಢದಲ್ಲಿ ಮೋಡ ಬಂದರೂ ಗಾಳಿಯ ಜೊತೆ ಓಡಿಹೋಗುತ್ತದೆ. ಆ ಗಾಳಿ, ಕೆದಕಿಟ್ಟ ಮಣ್ಣಿನ ನಯವಾದ ಭಾಗವನ್ನೆಲ್ಲ ಎತ್ತಿ ಪಕ್ಕದೂರಿನವರ ಕಣ್ಣಿಗೆ ಹಾಕುತ್ತದೆ. ವರ್ಷದ ಮಳೆಯ ಬಹುಪಾಲು ಯಾವುದೋ ನಾಲ್ಕಾರು ಮಧ್ಯಾಹ್ನಗಳಲ್ಲಿ, ಕೊಡ ಬೋರಲು ಹಾಕಿದ ಹಾಗೆ ಸುರಿದುಹೋಗುತ್ತದೆ. ಬೇಸಿಗೆಯ ಕೊನೆಗೆ, ಕೃತ್ತಿಕೆಯಲ್ಲಿ ಗುಡುಗು, ಆಲಿಕಲ್ಲಿನ ಜೊತೆ ಒಂದಿಷ್ಟು. ಮಳೆಗಾಲದ ಕೊನೆಗೆ, ಉತ್ತರೆಯಿಂದ ಚಿತ್ತೆ, ಸ್ವಾತಿಯವರೆಗೆ ಉಳಿದದ್ದು. ದ್ರಾಕ್ಷಿಯ ಕಟಿಂಗೂ ಸರಿಯಾಗಿ ಅದೇ ಹೊತ್ತಿಗೆ ಬೀಳುತ್ತದೆ. ಚಪ್ಪರದ ತುಂಬ ಎಲೆ ಇದ್ದಾಗ ಮಳೆ ಇಲ್ಲ. ಎಲೆ, ಕಡ್ಡಿ ಎಲ್ಲ ಸವರಿ, ಮೇಲೆ ಬರೀ ತಂತಿ, ಕೆಳಗೆ ಬರೀ ಮಣ್ಣು ಉಳಿದಾಗ ಮಳೆಗೆ ನೆನಪಾಗುತ್ತದೆ. ದಪ್ಪ ಹನಿಗಳು ನೇರ ನೆಲಕ್ಕೇ ಬಡಿದು, ಪುಡಿಮಣ್ಣನ್ನು ಕಲಸಿ, ಇಳಿಜಾರಿನ ಗುಂಟ ಹೊರಡಿಸುತ್ತವೆ.

ಹೊರಟದ್ದಕ್ಕೆ ದಾರಿಯನ್ನೂ ಗಿರಿಯಪ್ಪನೇ ಮಾಡಿಕೊಟ್ಟಿದ್ದ. ಬೋರು ಇದ್ದದ್ದು ಹೊಲದ ಮೇಲ್ತಲೆಯಲ್ಲಿ. ಅಲ್ಲಿಂದ ಕೆಳಕ್ಕೆ, ದಾರ ಹಿಡಿದು ಎಳೆದ ಹಾಗೆ, ನೇರವಾದ ಸಾಲುಗಳು, ಸಾಲಿಗೊಂದು ಕಾಲುವೆ. ಕರೆಂಟು ಬಂದಷ್ಟೇ ಬೇಗ ಹೋಗುವ ಕಾಲ ಅದು. ಮೋಟರು ಹಾಕಿದರೆ ನೀರು ತಾನಾಗಿ ಓಡಿ ಕೊನೆಯ ಗಿಡ ಮುಟ್ಟಬೇಕು, ಸಲಿಕೆ ಹಿಡಿದು ಯಾರೂ ಕಾಯಬಾರದು ಎಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ನ್ಯಾಯವಿತ್ತು. ಆದರೆ ಅವನಪ್ಪ ಹೊಲಕ್ಕೆ ಅಡ್ಡಡ್ಡ ಹಾಕಿದ್ದ ಬದುಗಳು ತನ್ನ ನೇರ ಸಾಲುಗಳಿಗೆ ಅಡ್ಡ ಬರುತ್ತವೆಂದು ಅವನ್ನೂ ಅಗೆಸಿ ಸಮ ಮಾಡಿಸಿಬಿಟ್ಟಿದ್ದ.

ಇಳಿಜಾರಿನ ಬುಡದಲ್ಲಿದ್ದದ್ದು ಮುನೆಮ್ಮನ ಹೊಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳು ಸಾಕುತ್ತಿದ್ದ ಹೆಂಗಸು. ಹೊಲದ ಮೂಲೆಯಲ್ಲಿ ಅವಳ ಮಾವನ ಕಾಲದ ತೆರೆದ ಬಾವಿ, ಅದಕ್ಕೊಂದು ನೀರೆತ್ತುವ ಹಳೆಯ ಎಂಜಿನ್ನು. ಬಾವಿಯ ನೀರಿನ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಹುಳು, ಹುಳುವಿನ ಮೇಲೆ ಮುನೆಮ್ಮನ ಮನೆ ನಿಂತಿತ್ತು.

ಪ್ರತಿ ದೊಡ್ಡ ಮಳೆಯ ಮಾರನೆಯ ದಿನ ಗಿರಿಯಪ್ಪ ಹೆಂಗಸರನ್ನು ಕಟ್ಟಿಕೊಂಡು ಅವಳ ಹೊಲಕ್ಕೆ ಇಳಿಯುತ್ತಿದ್ದ. ಅಲ್ಲಿ ಬಂದು ನಿಂತ ಮಣ್ಣು ತನ್ನದು, ಕೆರೆಯಿಂದ ಗಾಡಿಗಟ್ಟಲೆ ಹೊಡೆಸಿದ ಗೋಡುಮಣ್ಣು ಅದರಲ್ಲಿದೆ, ಬಿಡಲಾಗುತ್ತದೆಯೇ? ಮಂಕರಿಗೆ ತುಂಬಿಸಿ, ಹೆಂಗಸರ ತಲೆಯ ಮೇಲೆ ಹೊರಿಸಿ ಮತ್ತೆ ಮೇಲಕ್ಕೆ. ಇಳಿಯುವುದು ಮಣ್ಣಿಗೆ ಒಂದು ಮಧ್ಯಾಹ್ನದ ಕೆಲಸ, ಹತ್ತಿಸುವುದು ಹೆಂಗಸರಿಗೆ ದೀಪಾವಳಿಯವರೆಗಿನ ಕೆಲಸ. ಹೋದ ವರ್ಷ ಹೊತ್ತ ಮಣ್ಣನ್ನೇ ಈ ವರ್ಷವೂ ಹೊರುತ್ತಿದ್ದೇನೆ ಎಂದು ಗೌರಕ್ಕನ ಮೈ ಉರಿಯುತ್ತಿತ್ತು. ಮಣ್ಣಿಗೆ ಮುಖವಿದ್ದಿದ್ದರೆ ಇಷ್ಟು ಹೊತ್ತಿಗೆ ಅವಳು ಅದಕ್ಕೊಂದು ಹೆಸರಿಟ್ಟು ಕರೆಯುತ್ತಿದ್ದಳು.

ಆ ಸಲದ ಊಟಕ್ಕೆ ಗೌರಕ್ಕನ ತಮ್ಮ ತೋಟಪ್ಪ ಕಲ್ಯಾಣದುರ್ಗದಿಂದ ಬಂದಿದ್ದ. ಅಲ್ಲಿ ಅವನದೂ ಒಂದು ಸಣ್ಣ ದ್ರಾಕ್ಷಿ ತೋಟ. ಗಿರಿಯಪ್ಪ ಒಮ್ಮೆ ಅದನ್ನು ನೋಡಿ ಬಂದು ಆರು ತಿಂಗಳು ಆಡಿಕೊಂಡಿದ್ದ. ಗುಡ್ಡ ಹೇಗೆ ತಿರುಗಿದರೆ ಹಾಗೆ ತಿರುಗಿದ ಸಾಲುಗಳು, ಕೆಳಗೆಲ್ಲ ಹುರುಳಿ ಬಳ್ಳಿ, ಸವರಿದ ಕಡ್ಡಿ ಅಲ್ಲಲ್ಲೇ ಬಿದ್ದಿರುವುದು. ಎಲೆಯ ಮುಂದೆ ಕೂತ ಭಾಮೈದನನ್ನು ಕಂಡು ಅವನಿಗೆ ಮತ್ತೆ ನೆನಪಾಯಿತು.

“ನಿಂದು ತೋಟ ಏನ್ಲಾ ತೋಟಪ್ಪ? ಹಾವು ಸಂಸಾರ ಮಾಡೋ ಪೊದೆ.”

“ಹಾವು ಒಂದೋ ಎರಡೋ ಇರ್ಬೋದು ಭಾವ. ಮಣ್ಣಂತೂ ಐತೆ.”

“ಯಾಕೆ, ನಿಮ್ ಕಲ್ಯಾಣದುರ್ಗದಾಗೆ ಮಳೆಗೆ ಮಣ್ಣು ಹೋಗಾದೇ ಇಲ್ವಾ?”

“ಹೋಯ್ತದೆ, ಯಾಕೆ ಸುಳ್ಳು ಹೇಳ್ಲಿ? ನಮ್ದು ನಡ್ಕಂಡು ಹೋಯ್ತದೆ. ನಿಮ್ದು ಓಡೋಯ್ತದೆ.”

ಸಾಲಿನಲ್ಲಿ ಕೂತವರು ನಕ್ಕರು. ಗಿರಿಯಪ್ಪನೂ ನಕ್ಕಂತೆ ಮಾಡಿ, “ಮಾತಾಡಿದ್ದು ಸಾಕು, ಅನ್ನ ಹಾಕ್ಸ್ಕಳಪ್ಪ” ಎಂದು ಮುಂದೆ ಹೋದ. ಹುಳಿಯ ಬಕೆಟ್ಟು ಹಿಡಿದು ನಿಂತಿದ್ದ ಗೌರಕ್ಕನಿಗೆ ಮಾತ್ರ ನಗು ಬರಲಿಲ್ಲ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು.

ಉಂಡವರ ಬಾಯಿಯ ವೀಳ್ಯದ ಕೆಂಪು ಆರುವ ಮೊದಲೇ ಚಿತ್ತೆ ಮಳೆ ಬಂತು. ಮರುದಿನ ಮಧ್ಯಾಹ್ನ ಶುರುವಾದದ್ದು ಸಂಜೆಯವರೆಗೂ ಬಿಡಲಿಲ್ಲ. ಹನಿ ನಿಂತ ಮೇಲೆ ಗಿರಿಯಪ್ಪ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾಗ ಮುನೆಮ್ಮ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದು ನಿಂತಳು.

“ಅಣ್ಣಾ, ಒಂದ್ಸಲ ಬಂದು ನೋಡು.”

“ಏನಾಯ್ತಮ್ಮ?”

“ನಿನ್ ತೋಟ ನನ್ ಬಾವಿಗೆ ಬಂದೈತೆ.”

ಗೌರಕ್ಕನೂ ಹಿಂದೆ ಹೋದಳು. ಹಿಪ್ಪುನೇರಳೆ ಸಾಲುಗಳು ಅರ್ಧಕ್ಕರ್ಧ ಕೆಂಪು ಮಣ್ಣಿನಲ್ಲಿ ಹೂತಿದ್ದವು. ಮೇಲೆ ಉಳಿದ ಸೊಪ್ಪಿಗೆಲ್ಲ ಕೆಸರು ಸಿಡಿದು ಮೆತ್ತಿಕೊಂಡಿತ್ತು. ಬಾವಿಯ ಬಾಯಿಯ ಕಟ್ಟೆ ಒಂದು ಕಡೆ ಕುಸಿದು, ಅಲ್ಲಿಂದ ಇನ್ನೂ ಸಣ್ಣಗೆ ಕೆಸರು ಇಳಿಯುತ್ತಿತ್ತು. ಒಳಗಿನ ನೀರು ರಾಗಿ ಅಂಬಲಿಯಷ್ಟು ಗಟ್ಟಿಯಾಗಿತ್ತು. ಎಂಜಿನ್ನಿನ ಪೈಪಿನ ಬುಡ ಹೂಳಿನೊಳಗೆ ಎಲ್ಲಿ ಹೋಯಿತೋ ಕಾಣುತ್ತಿರಲಿಲ್ಲ.

“ಮಳೆ ನಾನು ಕರ್ಸಿದ್ನೇನಮ್ಮ?” ಎಂದ ಗಿರಿಯಪ್ಪ. “ಮ್ಯಾಲಿನ ನೀರು ಕೆಳಕ್ಕೆ ಬರ್ದೆ ಇನ್ನೆಲ್ಲಿಗೆ ಹೋಗ್ಬೇಕು? ನಂಗೇನು ನಷ್ಟ ಇಲ್ವಾ? ಅಲ್ನೋಡು, ಗಿಡದ ಬೇರು ಹೊರ್ಗೆ ಬಂದು ನಿಂತಾವೆ.”

“ನೀರು ಬರ್ಲಿ ಅಣ್ಣಾ, ಕೈ ಮುಗ್ದು ಇಸ್ಕಂತೀನಿ. ನಿಮ್ಮಪ್ಪನ ಕಾಲದಾಗೂ ಇದೇ ಗುಡ್ಡ, ಇದೇ ಚಿತ್ತೆ ಮಳೆ. ಆಗ ನೀರು ಬತ್ತಿತ್ತು, ಮಣ್ಣು ಬತ್ತಿರ್ಲಿಲ್ಲ.”

“ಆಗಿನ ಮಳೆ ಹದವಾಗಿ ಬತ್ತಿತ್ತು ಕಣಮ್ಮ. ಈಗಿಂದು ರಾಕ್ಷಸ ಮಳೆ.”

“ಮಳೆ ಹಂಗೇ ಐತೆ. ಬದು ಇಲ್ಲ.”

ಗಿರಿಯಪ್ಪ ಮಾತು ಬದಲಿಸಿದ. “ಆಯ್ತು ಬಿಡು. ನಾಳೀಕೆ ಆಳು ಕರ್ಕಂಬತ್ತೀನಿ. ನನ್ ಮಣ್ಣು ನಾನು ತಗಂಡೋಯ್ತೀನಿ.”

ಮುನೆಮ್ಮ ಅವನ ಮುಖವನ್ನೇ ನೋಡುತ್ತ ನಿಂತಳು. “ಹುಳಾ ನಾಲ್ಕನೇ ಜ್ವರ ಬಿಟ್ಟು ಎದ್ದಾವೆ ಅಣ್ಣಾ. ತಟ್ಟೆ ತಟ್ಟೆನಾಗೂ ತಲೆ ಎತ್ಕಂಡು ಸೊಪ್ಪಿಗೆ ಕಾಯ್ತಾವೆ. ಅವಕ್ಕೇನು ಹಾಕ್ಲಿ? ನಿನ್ ಮಣ್ಣಾ?”

ರೇಷ್ಮೆ ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಬಿಟ್ಟು ಎದ್ದ ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಬೇಕು. ಆ ಹೊತ್ತಿನಲ್ಲಿ ಹಸಿದಿದ್ದರೆ ಗೂಡು ಕಟ್ಟುವುದಿಲ್ಲ, ಒದ್ದೆ ಸೊಪ್ಪು ತಿಂದರೆ ಬದುಕುವುದಿಲ್ಲ. ಗೌರಕ್ಕ ಅಲ್ಲಿಂದಲೇ ಮುನೆಮ್ಮನ ಜೊತೆ ಹೊರಟಳು. ಇಬ್ಬರೂ ಸುತ್ತಲಿನ ಊರುಗಳಲ್ಲಿ ಮನೆ ಮನೆ ಅಲೆದು ಸೊಪ್ಪು ಬೇಡಿದರು. ಮಳೆಯ ಮಾರನೆಯ ದಿನ ಯಾರ ಬಳಿ ಹೆಚ್ಚಿಗೆ ಸೊಪ್ಪಿರುತ್ತದೆ? ಸಿಕ್ಕಿದ್ದು ಸಾಲದೆ, ಕೆಸರಾದ ಸೊಪ್ಪನ್ನೇ ತೊಳೆದು, ಹಳೆ ಸೀರೆಯಲ್ಲಿ ಒಂದೊಂದೇ ಎಲೆ ಒರೆಸಿ ಹಾಕಿದರು. ಹುಳುಗಳು ಮೆತ್ತಗಾಗಿ ಕಪ್ಪಿಟ್ಟು ಸಾಯತೊಡಗಿದವು. ಗೌರಕ್ಕ ಅವನ್ನು ಮೊರದಲ್ಲಿ ತುಂಬಿ ತುಂಬಿ ತಿಪ್ಪೆಯ ಗುಂಡಿಗೆ ಸುರಿದಳು. ಬೆರಳ ತುದಿಗೆ ಹತ್ತಿದ ವಾಸನೆ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ. ಕೊನೆಗೆ ಹಿಂದೂಪುರದ ಮಾರ್ಕೆಟ್ಟಿಗೆ ಒಯ್ಯಲು ಮುನೆಮ್ಮನ ಬಳಿ ಉಳಿದ ಗೂಡು ಒಂದು ಸಣ್ಣ ಗಂಟು.

ಅವಳನ್ನು ಬಸ್ಸು ಹತ್ತಿಸಿ ಗೌರಕ್ಕ ಮನೆಗೆ ಬಂದಾಗ ಗಿರಿಯಪ್ಪ ಬಾಗಿಲಲ್ಲೇ ಕಾಯುತ್ತಿದ್ದ.

“ಮಣ್ಣು ಹೊರಾಕೆ ಹೆಂಗಸ್ರಿಗೆ ಹೇಳಿದ್ಯಾ? ನೀನು ಹುಳದ ಹಿಂದೆ ಹೋದಾಗಿಂದ ಹಂಗೇ ಬಿದ್ದೈತೆ, ಒಣಗಿ ಗಟ್ಟಿಯಾಗ್ತೈತೆ.”

ಗೌರಕ್ಕ ಚಪ್ಪಲಿ ಬಿಡುತ್ತಿದ್ದವಳು ಹ್ಞಾ ಎಂದು ಅವನನ್ನು ನೋಡಿದಳು. ಇಷ್ಟು ವರ್ಷ ಒಳಗೊಳಗೇ ಕುದಿದದ್ದು ಉಕ್ಕಿ ಬಂತು.

“ಹೇಳಿಲ್ಲ. ಹೇಳಾದೂ ಇಲ್ಲ. ನಾನೂ ಹೊರಾಕಿಲ್ಲ.”

“ಏನಾಗೈತೆ ನಿಂಗೆ?”

“ಕತ್ತು ಬಿದ್ದೋಗೈತೆ. ತೋಟ ಮಾಡ್ದಾಗಿಂದ ಹೊತ್ತಿದ್ದೇ ಮಣ್ಣು ಹೊತ್ತು ಹೊತ್ತು ತಲೆ ಮ್ಯಾಲಿನ ಕೂದ್ಲೂ ಸವೆದೋಯ್ತು. ಮ್ಯಾಲೆ ಹಾಕಾದು, ಮಳೆ ಬರಾದು, ಕೆಳಕ್ಕೆ ಹೋಗಾದು, ತಿರುಗಾ ಹೊರಾದು. ಎತ್ತಾದ್ರೂ ಗಾಣದ ಸುತ್ತ ತಿರುಗಿದ್ರೆ ಎಣ್ಣೆ ಬತ್ತದೆ. ನಂಗೇನು ಬಂತು? ನಿಮ್ಗೆ ಮಣ್ಣು ಬೇಕಾದ್ರೆ ನೀವೇ ಹೋಗಿ ತಗಂಬರ್ರಿ. ಮೊದ್ಲು ಆ ಬಾವಿ ಒಳಗಿಂದು ತಗೀರಿ, ಹೊಲದ್ದು ಆಮ್ಯಾಕೆ.”

“ನಾನು ಮಂಕರಿ ಹೊತ್ರೆ ಊರಾಗೆ ಏನಂತಾರೆ?”

“ನಾವು ಹೊರ್ವಾಗ ಏನೂ ಅಂದಿಲ್ಲ. ನಿಮ್ಗೂ ಏನೂ ಅನ್ನಲ್ಲ.”

ಗಿರಿಯಪ್ಪ ಕೂಲಿ ಹೆಂಗಸರ ಮನೆ ಬಾಗಿಲಿಗೆ ತಾನೇ ಹೋದ. ಒಬ್ಬಳಿಗೆ ಮಗಳ ಬಾಣಂತನ, ಇನ್ನೊಬ್ಬಳಿಗೆ ಕಡಲೆಕಾಯಿ ಕೀಳುವ ಕೆಲಸ. ಮಿಕ್ಕವರು “ಗೌರಕ್ಕ ಬತ್ತಾರಾ?” ಎಂದು ಕೇಳಿ ಒಳಗೆ ಹೋದರು. ಎರಡು ದಿನ ಅವನು ಹೀಗೇ ಅಲೆದ. ಮೂರನೆಯ ದಿನ ಮುನೆಮ್ಮ ಬಾಡಿಗೆ ಪಂಪು ತರಿಸಿ ಬಾವಿಯ ಕೆಸರುನೀರು ಎತ್ತಿಸುತ್ತಿದ್ದಾಳೆಂದು ತಿಳಿದು, ಹಳೆಯ ಆಳು ಎರ್ರಪ್ಪನನ್ನು, ಹಗ್ಗ, ಮಂಕರಿಯನ್ನು ಕಟ್ಟಿಕೊಂಡು ಅತ್ತ ಹೋದ. ಗೌರಕ್ಕ ದೂರದಿಂದಲೇ ಹಿಂಬಾಲಿಸಿದಳು. ಇವನು ಅಲ್ಲಿ ಮತ್ತೇನು ರಂಪ ಮಾಡುತ್ತಾನೋ ಎಂಬ ಭಯ ಅವಳಿಗೆ.

ಎರ್ರಪ್ಪ ಬಾವಿಗೆ ಬಗ್ಗಿ ನೋಡಿ ತಲೆಯಾಡಿಸಿದ. “ನಾನಿಳಿಯಾಕಿಲ್ಲಪ್ಪೋ. ಈ ವಯಸ್ನಾಗೆ ಕಾಲು ಹೂತ್ಕಂಡ್ರೆ ನನ್ನ ಎತ್ತೋರು ಯಾರು? ನೀನಿಳಿ, ನಾನು ರಾಟೆ ಹಗ್ಗ ಎಳಿತೀನಿ.”

ಮುನೆಮ್ಮನ ಮುಂದೆ ಆಗುವುದಿಲ್ಲ ಎನ್ನಲು ನಾಚಿಕೆಯಾಗಿ ಗಿರಿಯಪ್ಪ ಅಂಗಿ ಬಿಚ್ಚಿ ಇಳಿದ. ಕಲ್ಲಿನ ಮೆಟ್ಟಿಲುಗಳು ನಡುವಿನಲ್ಲೇ ಕೆಸರೊಳಗೆ ಮುಗಿದಿದ್ದವು. ಚಿಕ್ಕವನಿದ್ದಾಗ ಅವನು ಈಜು ಕಲಿತದ್ದು ಇದೇ ಬಾವಿಯಲ್ಲಿ. ಮುಳುಗಿ ತಳ ಮುಟ್ಟಿ ಬರುವುದು ಊರ ಹುಡುಗರ ಪಂದ್ಯ. ಅವನಿಗೆ ಒಮ್ಮೆಯೂ ತಳ ಸಿಕ್ಕಿರಲಿಲ್ಲ. ಈಗ ಅದೇ ಬಾವಿಯ ನಡುವೆ, ತೊಡೆಯವರೆಗಿನ ಕೆಸರಿನಲ್ಲಿ, ತಲೆಯೆತ್ತಿದರೆ ಮೇಲಿನವರ ಮುಖ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ ನಿಂತಿದ್ದ.

ಮಂಕರಿಗಳು ಒಂದೊಂದಾಗಿ ಮೇಲೆ ಬಂದವು. ಮೊದಲು ಕೆಂಪು ಮರಳುಮಣ್ಣು. ಮಧ್ಯಾಹ್ನದ ಹೊತ್ತಿಗೆ, ಕಟ್ಟೆಯ ಬಳಿಗೆ ಬಂದು ನಿಂತಿದ್ದ ಗೌರಕ್ಕನಿಗೆ ಒಳಗಿನಿಂದ ಅವನ ದನಿ ಕೇಳಿತು.

“ಗೌರೀ.”

“ಏನು?”

“ಇದು ನಮ್ ಗೋಡು ಕಣೇ. ಹೋದ ವರ್ಷ ಕೆರೆಯಿಂದ ಹೊಡ್ಸಿದ್ದು. ಕಪ್ಪೆಚಿಪ್ಪೂ ಹಂಗೇ ಐತೆ.”

“ಹೂಂ. ತಗೀರಿ.”

ಇನ್ನೂ ಕೆಲವು ಮಂಕರಿ ಮೇಲೆ ಬಂದವು. ಆಮೇಲೆ, “ಇದ್ರ ಕೆಳಗೆ ಕುರಿಗೊಬ್ರ. ಮಂದೆ ನಿಲ್ಸಿದ್ವಲ್ಲ, ಆ ವರ್ಷದ್ದು.”

“ತಗೀರಿ.”

ಆಮೇಲೆ ಮಂಕರಿ ಬರುವುದು ನಿಂತಿತು. ಗೌರಕ್ಕ ಬಗ್ಗಿ ನೋಡಿದಳು. ಗಿರಿಯಪ್ಪ ಗುದ್ದಲಿ ಬಿಟ್ಟು, ಒಂದು ಹಿಡಿ ಕಡುಗೆಂಪು ಜೇಡಿಯನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ತೀಡುತ್ತ ನಿಂತಿದ್ದ.

“ಅದೇನದು?”

“ನಮ್ಮಪ್ಪನ ಕಾಲದ ಮಣ್ಣು,” ಎಂದ. “ಬದುವಿನ ಮಗ್ಗುಲಾಗಿದ್ದಿದ್ದು.”

ಅವಳು ಈ ಸಲ ತಗೀರಿ ಎನ್ನಲಿಲ್ಲ.

ಸಂಜೆ ಮೇಲೆ ಬಂದು ಅವನು ಬಾವಿಕಟ್ಟೆಯ ಮೇಲೆ ಕೂತ. ಮುನೆಮ್ಮ ಒಂದು ಚೊಂಬು ಮಜ್ಜಿಗೆ ತಂದು ಮುಂದಿಟ್ಟಳು. ಅವನು ಅದನ್ನು ಮುಟ್ಟದೆ ಕೇಳಿದ: “ತಳಕ್ಕೆ ಇನ್ನೂ ಎಷ್ಟೈತೆ ಮುನೆಮ್ಮ?”

“ನಂಗೆಂಗೆ ಗೊತ್ತಣ್ಣ? ನಾನು ಈ ಮನೆಗೆ ಬಂದಾಗಿಂದ ಇದ್ರಾಗೆ ನೀರು ಕಂಡಿದ್ದೆ. ತಳ ಕಾಣೋ ಕಾಲ ಬತ್ತದೆ ಅಂದ್ಕಂಡಿರ್ಲಿಲ್ಲ.”

ಗಿರಿಯಪ್ಪ ಮಜ್ಜಿಗೆ ಎತ್ತಿ ಗಟಗಟನೆ ಕುಡಿದು ಎದ್ದುಹೋದ. ಮರುದಿನವೂ ಇಳಿದ, ಅದರ ಮರುದಿನವೂ. ತಪ್ಪಾಯಿತು ಎಂಬ ಮಾತು ಅವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ, ಆಗಲೂ ಹುಟ್ಟಲಿಲ್ಲ. ಬಾವಿಯ ಕೆಲಸ ಮುಗಿದ ಮೇಲೆ ಒಂದು ಬೆಳಗ್ಗೆ ತಾನೇ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋಗಿ ಭಾಮೈದನನ್ನು ಕರೆತಂದ.

ತೋಟಪ್ಪ ವಾರವಿಡೀ ಇದ್ದ. ಆ ವಾರ ಗೌರಕ್ಕನ ಕಿವಿಗೆ ನೆಮ್ಮದಿಯಿರಲಿಲ್ಲ. ಅವನು ಇಳಿಜಾರಿಗೆ ಅಡ್ಡವಾಗಿ ಗೂಟ ಹೊಡೆಯುತ್ತಿದ್ದ, ಇವನು ಹಿಂದೆಯೇ ತಕರಾರು ತೆಗೆಯುತ್ತಿದ್ದ.

“ಇಲ್ಲಿ ಬದು ಹಾಕಿದ್ರೆ ನನ್ ಕಾಲುವೆ ನಿಂತೋಯ್ತದಲ್ಲೋ!”

“ನಿಲ್ಲಾಕೇ ಹಾಕಾದು ಭಾವ.”

“ಮತ್ತೆ ನೀರು ಕಟ್ಟೋನು ಯಾರು? ನಿಮ್ಮಪ್ಪನಾ?”

“ನೀನೇ. ಸಲಿಕೆ ಹಿಡ್ಕಂಡು ಒಂದೊಂದು ಮಡಿಗೂ ತಿರುವ್ಬೇಕು. ಹೆಚ್ಚಾದ ನೀರು ಹೊರ್ಗೆ ಹೋಗಾಕೆ ಪಕ್ಕದಾಗೆ ಹುಲ್ಲು ಬೆಳ್ದ ಕಾಲುವೆ ಬಿಡು, ಬಾವಿ ತಾವ ಬ್ಯಾಡ.”

ಗಿರಿಯಪ್ಪ ಬೈದುಕೊಂಡೇ ಬದು ಹಾಕಿಸಿದ. ಬೈದುಕೊಂಡೇ ನೆಲಕ್ಕೆ ಹುರುಳಿ ಚೆಲ್ಲಿಸಿದ. ಮೊದಲು ಅರ್ಧ ಗಳಿಗೆಯಲ್ಲಿ ಓಡಿ ಮುಗಿಸುತ್ತಿದ್ದ ನೀರನ್ನು ಈಗ ಬೆಳಗಿನಿಂದ ಮಧ್ಯಾಹ್ನದವರೆಗೆ ಮಡಿ ಮಡಿಗೂ ತಿರುವಬೇಕು. ನಡುವೆ ಕರೆಂಟು ಹೋದರೆ ಅವನ ಬಾಯಿಂದ ಬರುತ್ತಿದ್ದ ಮಾತು ಕೇಳಿ ಗೌರಕ್ಕ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಬೇಸಿಗೆಯ ಕಟಿಂಗ್ ಆಯಿತು. ಸವರಿದ ಕಡ್ಡಿಯನ್ನು ಸುಡದೆ ಬದುಗಳ ಮೇಲ್ಗಡೆ ಒಟ್ಟಿದರು. ಒಣಗಿದ ಹುರುಳಿ ಬಳ್ಳಿ, ಎಲೆ, ಕಡ್ಡಿ ಹರಡಿದ ಆ ನೆಲದಲ್ಲಿ ಊಟದ ಎಲೆ ಹಾಕಲು ಗೇಣು ಜಾಗವಿರಲಿಲ್ಲ. ಊಟ ನಿಂತಿತು. ಮಂಡಿಯ ಸಾಹುಕಾರನೊಬ್ಬ ದಾರಿಯಲ್ಲಿ ಜೀಪು ನಿಲ್ಲಿಸಿ ನೋಡಿ, “ಇದೇಮಯ್ಯಾ, ತೋಟ ಪಾಡುಪೆಟ್ಟೇಶಾವು?” ಎಂದು, ಹಾಳುಗೆಡವಿಬಿಟ್ಟೆಯಲ್ಲ ಎಂದು ಮರುಗಿ ಹೋದ. ಗಿರಿಯಪ್ಪ ಮನೆಗೆ ಬಂದು ತಟ್ಟೆಯ ಮುಂದೆ ಕೂತರೂ ಅನ್ನ ಇಳಿಯಲಿಲ್ಲ.

“ನಿನ್ ತಮ್ಮನ ಮಾತು ಕೇಳಿ ನನ್ ಮಾನ ಹೋಯ್ತು.”

“ಮಾನ ಎಲ್ಲಾದ್ರೂ ಹೋಗ್ಲಿ, ಮುನೆಮ್ಮನ ಬಾವಿಗಂತೂ ಬೀಳಲ್ಲ.”

“ನಾಳೀಕೇ ಎಲ್ಲಾ ಅಗ್ದು ಬಿಸಾಕ್ತೀನಿ ನೋಡು.”

ಗೌರಕ್ಕ ಅವನ ತಟ್ಟೆ ಎತ್ತಿಟ್ಟಳು. ಅಂದಿನಿಂದ ಅವಳಿಗೆ ಅದೇ ಹೆದರಿಕೆ. ಹೊಗಳಿಕೆಯ ಮೇಲೆ ಬದುಕಿದ ಮನುಷ್ಯ. ಇನ್ನೊಬ್ಬ ಯಾರಾದರೂ ಬಂದು ಒಂದು ಮಾತು ಅಂದರೆ ಸಾಕು, ಬದು ಒಡೆದೇ ತೀರುತ್ತಾನೆ. ಮುನೆಮ್ಮ ಆಗ ಮತ್ತೆ ಹುಳು ತಂದಿದ್ದಳು. ಈ ಬೆಳೆಯೂ ಕೈಬಿಟ್ಟರೆ ಹೊಲ ಮಾರಿ ಬೆಂಗಳೂರಿನ ಯಾವುದಾದರೂ ಮನೆಯಲ್ಲಿ ಮುಸುರೆ ತಿಕ್ಕಲು ಹೋಗುತ್ತೇನೆ ಎಂದು ಗೌರಕ್ಕನ ಹತ್ತಿರ ಹೇಳಿದ್ದಳು.

ಕೃತ್ತಿಕೆಯ ಒಂದು ಮಧ್ಯಾಹ್ನ ಸೆಕೆಯೆಂದರೆ ಸೆಕೆ. ಮೂರು ಗಂಟೆಯ ಹೊತ್ತಿಗೆ ಪೆನುಕೊಂಡದ ದಿಕ್ಕು ಕಪ್ಪಾಯಿತು. ಧೂಳೆಬ್ಬಿಸಿಕೊಂಡು ಗಾಳಿ ಬಂತು, ಗಾಳಿಯ ಬೆನ್ನಿಗೆ ಮಳೆ. ಹೆಂಚಿನ ಮೇಲೆ ಆಲಿಕಲ್ಲು ಬೀಳುವ ಸದ್ದಿಗೆ ಕೂಗಿದರೂ ಕೇಳಿಸುತ್ತಿರಲಿಲ್ಲ. ಗೌರಕ್ಕ ಒಳಗೆ ಹೊರಗೆ ಹುಡುಕಿದಳು. ಗಂಡ ಇಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಸಲಿಕೆಯೂ ಇಲ್ಲ.

ಅವಳಿಗೆ ಅನುಮಾನವೇ ಉಳಿಯಲಿಲ್ಲ. ಮಡಿಗಳಲ್ಲಿ ನೀರು ನಿಂತು ಗಿಡ ಕೊಳೆಯುತ್ತವೆಂದು ಬದು ಒಡೆಯಲು ಹೋಗಿದ್ದಾನೆ, ಹೇಳಿದ್ದನ್ನು ಮಾಡಿಯೇಬಿಟ್ಟ. ಗೋಣಿಚೀಲ ತಲೆಯ ಮೇಲೆ ಹಾಕಿಕೊಂಡು ಅವಳು ಓಡಿದಳು. ಹೋಗಿ ಸಲಿಕೆ ಕಿತ್ತುಕೊಳ್ಳಬೇಕು, ಬೇಕಾದರೆ ಎರಡು ಏಟು ತಿಂದರೂ ಸರಿ ಎಂದುಕೊಂಡು, ಬಾಯಿಗೆ ಬಂದ ಬೈಗುಳವನ್ನೆಲ್ಲ ಹೊಂದಿಸಿಕೊಳ್ಳುತ್ತಲೇ ಓಡಿದಳು.

ಮೇಲಿನ ಬದುಗಳು ನಿಂತಿದ್ದವು. ಮಡಿಗಳಲ್ಲಿ ಕೆಂಪು ನೀರು ತುಂಬಿ, ಕಡ್ಡಿಕಸ ತೇಲುತ್ತ, ನಿಧಾನವಾಗಿ ಪಕ್ಕದ ಹುಲ್ಲುಗಾಲುವೆಯ ಕಡೆ ಸರಿಯುತ್ತಿತ್ತು. ಕೆಳಗೆ, ಮುನೆಮ್ಮನ ಬಾವಿಯ ನೇರಕ್ಕಿದ್ದ ಕೊನೆಯ ಬದು ಮಾತ್ರ ನಡುವಿನಲ್ಲಿ ಬಾಯಿಬಿಟ್ಟಿತ್ತು. ಸಲಿಕೆ ಪಕ್ಕದಲ್ಲಿ ಬಿದ್ದಿತ್ತು. ಎಷ್ಟು ಮಣ್ಣೆಳೆದು ಹಾಕಿದರೂ ನಿಲ್ಲದೆ ಕೊಚ್ಚಿಹೋಗಿರಬೇಕು. ಗಿರಿಯಪ್ಪ ಆ ಬಾಯಿಯಲ್ಲಿ ಕೂತಿದ್ದ. ನೀರಿಗೆ ಬೆನ್ನು ಕೊಟ್ಟು, ಕಾಲು ಚಾಚಿ, ಎರಡೂ ಕೈಗಳನ್ನು ಎರಡು ಕಡೆಯ ಮಣ್ಣಿಗೆ ಒತ್ತಿ ಹಿಡಿದು, ತಲೆಯ ಮೇಲೆ ಆಲಿಕಲ್ಲು ಬೀಳುತ್ತಿದ್ದರೂ ಅಲ್ಲಾಡದೆ ಕೂತಿದ್ದ. ನೀರು ಅವನ ಹೆಗಲು ದಾಟಿ ಸುರಿಯುತ್ತಿತ್ತು. ಅವನ ಬೆನ್ನ ಹಿಂದಿನ ಮಣ್ಣು ಅಲ್ಲೇ ನಿಂತಿತ್ತು.

“ಅಯ್ಯೋ, ಏನ್ರೀ ಇದು! ಎದ್ದೇಳ್ರಿ! ಸಿಡ್ಲು ಹೊಡಿತೈತೆ, ಎದ್ದೇಳ್ರಿ ಅಂದ್ರೆ!”

“ಎದ್ರೆ ಹೋಯ್ತದೆ.”

“ಹೋದ್ರೆ ಹೋಗ್ಲಿ! ನಾನೇ ಹೊತ್ಕಂಬತ್ತೀನಿ, ಎದ್ದೇಳ್ರಿ!”

“ಹೊರಾ ಮಾತಲ್ಲ ಕಣೇ.” ಹಲ್ಲು ಕಟಕಟಿಸುತ್ತಿದ್ದುದರಿಂದ ಅವನ ಮಾತು ತುಂಡು ತುಂಡಾಗಿ ಬಂತು. “ಮುನೆಮ್ಮನ ಹುಳಾ ನಾಲ್ಕನೇ ಜ್ವರ ಬಿಟ್ಟಾವೆ. ಬೆಳಗ್ಗೆ ಹೋಗಿ ಕೇಳ್ಕಂಡು ಬಂದೀನಿ. ಸೊಪ್ಪಿಗೆ ಕೆಸರು ಬೀಳ್ಬಾರ್ದು.”

ಗೌರಕ್ಕನಿಗೆ ಹೊಂದಿಸಿಕೊಂಡು ಬಂದಿದ್ದ ಬೈಗುಳದಲ್ಲಿ ಒಂದೂ ನೆನಪಾಗಲಿಲ್ಲ. ಕಣ್ಣು ತುಂಬಿತು. ಮಳೆಯಲ್ಲಿ ಅದು ಯಾರಿಗೂ ಕಾಣುವಂತಿರಲಿಲ್ಲ. ಕೆಳಗಿನಿಂದ ಮುನೆಮ್ಮ ಮಣ್ಣು ತುಂಬಿದ ಚೀಲವೊಂದನ್ನು ಎಳೆದುಕೊಂಡು, “ಅಣ್ಣಾ, ಬಂದೆ, ಬಂದೆ” ಎಂದು ಕೂಗುತ್ತ ಬರುತ್ತಿದ್ದಳು.

“ನೋಡ್ತಾ ನಿಂತ್ಕಂಡ್ರೆ ಏನ್ ಬಂತು?” ಎಂದು ಗಿರಿಯಪ್ಪ ರೇಗಿದ. “ಕಲ್ಲು ತತ್ತಾ!”

“ತತ್ತೀನಿ ಇರ್ರಿ! ನಿಮ್ಮ ಬಾಯಿಗಿಷ್ಟು ಮಣ್ಣಾಕ!” ಎಂದು ಬೈಯುತ್ತ ಗೌರಕ್ಕ ತಲೆಯ ಮೇಲಿನ ಗೋಣಿಚೀಲ ತೆಗೆದು ಅವನ ತಲೆಗೆ ಹೊದಿಸಿ, ಕಲ್ಲು ತರಲು ಓಡಿದಳು.